ಮಾಸ್ಟಡಾನ್ ಪೋಸ್ಟ್ ಬೇರೆ ಸರ್ವರ್‌ಗೆ ತಲುಪುತ್ತಿಲ್ಲವೇ? ಕೊಂಡಿ ಕಳಚಿದ್ದೆಲ್ಲಿ ಎಂದು ಹುಡುಕುವ ಬಗೆ

“ನನ್ನ ಪೋಸ್ಟ್ ನನಗೆ ಕಾಣ್ತಾ ಇದೆ, ಬೇರೆ ಸರ್ವರ್‌ನಲ್ಲಿರೋ ಗೆಳೆಯರಿಗೆ ಕಾಣ್ತಿಲ್ಲ.” ಸಣ್ಣ ಮಾಸ್ಟಡಾನ್ ಸರ್ವರ್ ನೋಡಿಕೊಳ್ಳುವವರಿಗೆ ಪದೇ ಪದೇ ಬರುವ ದೂರು ಇದು. ಮಾಸ್ಟಡಾನ್ ಎಂದರೆ ಬೇರೆ ಬೇರೆಯವರು ನಡೆಸುವ ಅನೇಕ ಸರ್ವರ್‌ಗಳು ಸೇರಿ ಆಗಿರುವ ಸಾಮಾಜಿಕ ಜಾಲತಾಣ. ಹೇಳುವುದಕ್ಕೆ ಒಂದೇ ಸಾಲು, ಹಿಂದಿರುವ ಕಾರಣಗಳು ಹತ್ತಾರು. ಇದನ್ನು ಕೇಳಿದ ಕೂಡಲೇ ಹೆಚ್ಚಿನವರು ಸರ್ವರ್ ರೀಸ್ಟಾರ್ಟ್ ಮಾಡಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ರೀಸ್ಟಾರ್ಟ್ ಮಾಡಿದಾಗ ಸರದಿಯಲ್ಲಿ ಎಷ್ಟು ಕೆಲಸ ಬಾಕಿ ಇತ್ತು, ಯಾವ ಪ್ರೋಸೆಸ್ ಎಲ್ಲಿ ಸಿಕ್ಕಿಕೊಂಡಿತ್ತು ಎಂಬ ಸುಳಿವು ಅಳಿಸಿಹೋಗುತ್ತದೆ. ತೊಂದರೆ ತಾತ್ಕಾಲಿಕವಾಗಿ ಹೋದರೂ ಮತ್ತೆ ಬಂದಾಗ ಮೊದಲಿನಿಂದ ಶುರು ಮಾಡಬೇಕು.

ಒಂದೇ ಕಂಪನಿ ನಡೆಸುವ ಜಾಲತಾಣದಲ್ಲಿ ಎಲ್ಲರ ಬರಹವೂ ಒಬ್ಬರ ಕೈಯಲ್ಲೇ ಇರುತ್ತದೆ. ಮಾಸ್ಟಡಾನ್‌ನಲ್ಲಿ ನೀವು ಬರೆದದ್ದು ಮೊದಲು ನಿಮ್ಮ ಸರ್ವರ್‌ನ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಸೇರುತ್ತದೆ. ಅಲ್ಲಿಂದ ಸೈಡ್‌ಕಿಕ್ ಎಂಬ ಹಿನ್ನೆಲೆ ತಂತ್ರಾಂಶದ ಸರದಿಗೆ ಹೋಗುತ್ತದೆ. ಸೈಡ್‌ಕಿಕ್ ಅದಕ್ಕೆ ಡಿಜಿಟಲ್ ಸಹಿ ಹಾಕಿ, ನಿಮ್ಮನ್ನು ಫಾಲೋ ಮಾಡುವವರು ಇರುವ ಪ್ರತಿ ಸರ್ವರ್‌ನ ಇನ್‌ಬಾಕ್ಸಿಗೂ ಕಳಿಸುತ್ತದೆ. ಆ ಸರ್ವರ್ ಸಹಿ ಪರೀಕ್ಷಿಸಿ, ತನ್ನದೇ ಸರದಿಯಲ್ಲಿ ಇಟ್ಟುಕೊಂಡು, ಕೊನೆಗೆ ಅಲ್ಲಿನವರ ಟೈಮ್‌ಲೈನ್‌ಗೆ ಸೇರಿಸುತ್ತದೆ. ಈ ಕೊಡುಕೊಳ್ಳುವಿಕೆಯ ನಿಯಮವೇ ಆಕ್ಟಿವಿಟಿಪಬ್. 2018ರ ಜನವರಿಯಲ್ಲಿ ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ ಅದನ್ನು ಅಧಿಕೃತ ಶಿಫಾರಸಾಗಿ ಪ್ರಕಟಿಸಿತು. ದಾರಿಯ ಅರ್ಧ ಭಾಗ ನಿಮ್ಮ ಹಿಡಿತದಲ್ಲಿದೆ, ಉಳಿದರ್ಧ ಬೇರೊಬ್ಬ ಅಡ್ಮಿನ್ ಕೈಯಲ್ಲಿದೆ. ಆದ್ದರಿಂದ ಮೊದಲು ಪತ್ತೆ ಮಾಡಬೇಕಾದದ್ದು, ಕೊಂಡಿ ಕಳಚಿರುವುದು ಗಡಿಯ ಯಾವ ಬದಿಯಲ್ಲಿ ಎಂಬುದನ್ನು.

ಇದು ನಿಜಕ್ಕೂ ದೋಷವೇ?

ಲಾಗ್ (ಸರ್ವರ್ ಬರೆದಿಡುವ ಕೆಲಸದ ದಾಖಲೆ) ತೆರೆಯುವ ಮೊದಲು ಇದನ್ನು ಖಚಿತ ಮಾಡಿಕೊಳ್ಳಿ. ಎಷ್ಟೋ ದೂರುಗಳಲ್ಲಿ ವ್ಯವಸ್ಥೆ ತಾನು ಮಾಡಬೇಕಾದ್ದನ್ನೇ ಮಾಡಿರುತ್ತದೆ.

ದೂರು ಬಂದ ಸರ್ವರ್‌ನಲ್ಲಿ ನಿಮ್ಮನ್ನು ಯಾರೂ ಫಾಲೋ ಮಾಡುತ್ತಿಲ್ಲ ಎಂದರೆ ನಿಮ್ಮ ಪೋಸ್ಟ್ ಸಾಮಾನ್ಯವಾಗಿ ಅಲ್ಲಿಗೆ ಹೋಗುವುದಿಲ್ಲ. ಗೆಳತಿ ನಿಮ್ಮ ಪ್ರೊಫೈಲ್ ತೆರೆದರೆ ಹೆಸರು, ಚಿತ್ರ ಕಾಣುತ್ತದೆ, ಬರಹ ಮಾತ್ರ ಖಾಲಿ. ಅವಳು ಇವತ್ತು ಫಾಲೋ ಒತ್ತಿದರೆ ಇಂದಿನಿಂದಾಚೆಯ ಪೋಸ್ಟ್‌ಗಳು ಹೋಗುತ್ತವೆ. ಹಿಂದಿನವು ತಾವಾಗಿ ಹೋಗಿ ಸೇರುವುದಿಲ್ಲ. ಉತ್ತರಗಳ ಸರಣಿಯೂ ಹೀಗೆಯೇ: ಒಂದೇ ಚರ್ಚೆಯಲ್ಲಿ ನಿಮಗೆ ಹತ್ತು ಉತ್ತರ ಕಂಡರೆ ಇನ್ನೊಬ್ಬರಿಗೆ ನಾಲ್ಕೇ ಕಾಣಬಹುದು. ಖಾತೆಗೆ ಬೀಗ ಹಾಕಿಕೊಂಡವರು ಫಾಲೋ ಕೋರಿಕೆಯನ್ನು ಒಪ್ಪುವವರೆಗೂ ಏನೂ ಹೊರಡುವುದಿಲ್ಲ. ಮೆಟಾ ಕಂಪನಿಯ ಥ್ರೆಡ್ಸ್‌ನಲ್ಲಿರುವ ಪರಿಚಿತರು ಹುಡುಕಿದರೂ ಸಿಗದಿದ್ದರೆ ಅವರು ತಮ್ಮ ಸೆಟ್ಟಿಂಗ್ಸ್‌ನಲ್ಲಿ ಫೆಡಿವರ್ಸ್ (ಆಕ್ಟಿವಿಟಿಪಬ್ ಬಳಸುವ ಜಾಲತಾಣಗಳ ಕೂಟ) ಹಂಚಿಕೆ ಆನ್ ಮಾಡಿಲ್ಲದಿರಬಹುದು. ಬ್ಲೂಸ್ಕೈಯದು ಎಟಿ ಪ್ರೋಟೊಕಾಲ್ ಎಂಬ ಬೇರೆಯೇ ನಿಯಮ, ಅಲ್ಲಿಗೆ ಹೋಗಲು ಬ್ರಿಡ್ಜಿ ಫೆಡ್‌ನಂಥ ಸೇತುವೆ ಬೇಕೇ ಬೇಕು.

ಕನ್ನಡದಲ್ಲಿ ಬರೆಯುವವರು ಇನ್ನೆರಡು ಕಡೆ ನೋಡಬೇಕು. ಮೊದಲನೆಯದು ಪೋಸ್ಟಿನ ಭಾಷೆಯ ಗುರುತು. ಬರೆಯುವ ಪೆಟ್ಟಿಗೆಯ ಕೆಳಗೆ ಭಾಷೆ ಆರಿಸುವ ಗುಂಡಿಯಿದೆ. ಅದು ಇಂಗ್ಲಿಷ್ ಎಂದೇ ಉಳಿದಿದ್ದರೆ, ಸಾರ್ವಜನಿಕ ಟೈಮ್‌ಲೈನ್‌ನಲ್ಲಿ ಕನ್ನಡವನ್ನಷ್ಟೇ ಆರಿಸಿಕೊಂಡವರಿಗೆ ನಿಮ್ಮ ಅಚ್ಚಗನ್ನಡದ ಬರಹವೂ ಕಾಣುವುದಿಲ್ಲ.

ಎರಡನೆಯದು ಹ್ಯಾಶ್‌ಟ್ಯಾಗ್. ನಮ್ಮ ಲಿಪಿಯಲ್ಲಿ ಒತ್ತಕ್ಷರ ಆಗದಂತೆ ತಡೆಯಲು ಅರ್ಧಾಕ್ಷರದ ಮುಂದೆ ಕಣ್ಣಿಗೆ ಕಾಣದ ಒಂದು ಅಕ್ಷರ ಬರುತ್ತದೆ. ‘ಸಾಫ್ಟ್‌ವೇರ್’ ಎಂದು ಬಿಡಿಸಿ ಬರೆಯುವಾಗ ಅದು ಇರುತ್ತದೆ, ‘ಸಾಫ್ಟ್ವೇರ್’ ಎಂದು ವತ್ತು ಕೊಟ್ಟು ಬರೆದಾಗ ಇರುವುದಿಲ್ಲ. ಓದುವವರಿಗೆ ಎರಡೂ ಒಂದೇ ಪದ, ಕಂಪ್ಯೂಟರ್‌ಗೆ ಬೇರೆ ಬೇರೆ ಅಕ್ಷರಸಾಲು. ನೀವು ಒಂದು ರೂಪ ಬಳಸಿ ಅವರು ಇನ್ನೊಂದನ್ನು ಹುಡುಕಿದರೆ ಭೇಟಿಯಾಗುವುದು ಕಷ್ಟ. ಪೋಸ್ಟ್ ಪ್ರಕಟವಾದ ಮೇಲೆ ಟ್ಯಾಗ್‌ನ ಬಣ್ಣ ಕೊನೆಯ ಅಕ್ಷರದವರೆಗೂ ಬಂದಿದೆಯೇ ಎಂದು ನೋಡಿ. ಮಧ್ಯದಲ್ಲೇ ನಿಂತಿದ್ದರೆ ಅಲ್ಲೊಂದು ಅದೃಶ್ಯ ಅಕ್ಷರವೋ ಚಿಹ್ನೆಯೋ ಕೂತಿದೆ ಎಂದರ್ಥ. ಕೀಬೋರ್ಡ್ ಬದಲಿಸಿ ಟ್ಯಾಗನ್ನು ಕೈಯಾರೆ ಮತ್ತೆ ಟೈಪ್ ಮಾಡಿ, ಇಲ್ಲವೇ ಕೆಳಗೆ ಬರುವ ಸಲಹೆಗಳಿಂದ ಆರಿಸಿಕೊಳ್ಳಿ. ಕನ್ನಡ ಟ್ಯಾಗ್‌ಗಳು ಒಂದಕ್ಕೊಂದು ಸಿಗದೆ ಚದುರಿಹೋಗುವುದನ್ನು ಕಂಡರೆ ಬೇಸರವಾಗುತ್ತದೆ. ಇರುವ ಕೆಲವೇ ಕನ್ನಡಿಗರು ಒಬ್ಬರಿಗೊಬ್ಬರು ಕಾಣಲಿಕ್ಕೆ ಅಲ್ಲಿ ಇರುವ ದೊಡ್ಡ ದಾರಿಯೇ ಟ್ಯಾಗ್. ಇನ್ನೂ ಒಂದು ಮಾತು: ಟ್ಯಾಗ್‌ನ ಪುಟ ತೋರಿಸುವುದು ಆ ಸರ್ವರ್‌ಗೆ ಈಗಾಗಲೇ ಬಂದಿರುವ, ಪೂರ್ತಿ ಸಾರ್ವಜನಿಕವಾದ ಪೋಸ್ಟ್‌ಗಳನ್ನು ಮಾತ್ರ.

ಅರ್ಧ ದಾರಿಯನ್ನು ಒಮ್ಮೆಗೇ ಪರೀಕ್ಷಿಸುವುದು

ಇಷ್ಟೆಲ್ಲ ಸರಿಯಿದ್ದೂ ಪೋಸ್ಟ್ ಕಾಣದಿದ್ದರೆ ನಾನು ಎಲ್ಲಕ್ಕಿಂತ ಮೊದಲು ಮಾಡುವ ಪರೀಕ್ಷೆ ಇದು. ಒಂದು ಸಾರ್ವಜನಿಕ ಪೋಸ್ಟಿನ ಪೂರ್ತಿ ವಿಳಾಸವನ್ನು ಕಾಪಿ ಮಾಡಿ, ದೂರು ಬಂದ ಸರ್ವರ್‌ನಲ್ಲಿ ಲಾಗಿನ್ ಆಗಿರುವ ಯಾರಾದರೂ ಅದನ್ನು ಹುಡುಕುವ ಪೆಟ್ಟಿಗೆಯಲ್ಲಿ ಅಂಟಿಸಲಿ. ಲಾಗಿನ್ ಆಗದೆ ಹುಡುಕಿದರೆ ಪ್ರಯೋಜನವಿಲ್ಲ. ಹಾಗೆ ಅಂಟಿಸಿದಾಗ ಆ ಸರ್ವರ್ ನಿಮ್ಮ ಸರ್ವರ್‌ಗೆ ತಾನಾಗಿ ಬಂದು ಪೋಸ್ಟನ್ನು ಕೇಳುತ್ತದೆ.

ಪೋಸ್ಟ್ ತೆರೆದುಕೊಂಡರೆ ಬಹಳಷ್ಟು ಅನುಮಾನಗಳು ಒಂದೇ ಏಟಿಗೆ ಹೋಗುತ್ತವೆ: ನಿಮ್ಮ ಡಿಎನ್‌ಎಸ್ (ಡೊಮೇನ್ ಹೆಸರಿನಿಂದ ಸರ್ವರ್‌ನ ವಿಳಾಸ ಹೇಳುವ ವ್ಯವಸ್ಥೆ) ಸರಿಯಿದೆ, ಸುರಕ್ಷಿತ ಸಂಪರ್ಕದ ಸರ್ಟಿಫಿಕೇಟ್ ಸರಿಯಿದೆ, ಹೊರಗಿನವರು ಒಳಗೆ ಬರಬಹುದು, ಅವರು ನಿಮ್ಮನ್ನು ಪೂರ್ತಿ ತಡೆದಿಲ್ಲ. ಆಗ ತೊಂದರೆ ಇರುವುದು ನೀವು ಕಳಿಸುವ ದಾರಿಯಲ್ಲಿ, ಅಂದರೆ ಸರದಿ, ಸಹಿ ಅಥವಾ ಅವರ ಇನ್‌ಬಾಕ್ಸಿನಲ್ಲಿ. ತೆರೆದುಕೊಳ್ಳದಿದ್ದರೆ ಇದೇ ಪರೀಕ್ಷೆಯನ್ನು ಮೂರನೆಯ, ನಾಲ್ಕನೆಯ ಸರ್ವರ್‌ನಿಂದ ಮಾಡಿಸಿ. ಎಲ್ಲೂ ತೆರೆಯುತ್ತಿಲ್ಲ ಎಂದರೆ ಬಾಗಿಲು ನಿಮ್ಮ ಕಡೆ ಮುಚ್ಚಿದೆ. ಒಂದೇ ಕಡೆ ತೆರೆಯುತ್ತಿಲ್ಲ ಎಂದರೆ ಅದು ನಿಮ್ಮಿಬ್ಬರ ನಡುವಿನ ವಿಷಯ. ಆ ಸರ್ವರ್‌ನ ‘ಬಗ್ಗೆ’ ಪುಟದಲ್ಲಿ ತಡೆದ ಡೊಮೇನ್‌ಗಳ ಪಟ್ಟಿ ಹಾಕಿದ್ದರೆ ಅದರಲ್ಲಿ ನಿಮ್ಮದಿದೆಯೇ ನೋಡಿ, ನಿಮ್ಮ ಸರ್ವರ್‌ನ ತಡೆಪಟ್ಟಿಯನ್ನೂ ನೋಡಿ. ಬೇರೆಲ್ಲಿಂದಲೋ ಸಿದ್ಧ ತಡೆಪಟ್ಟಿ ತಂದು ಆಮದು ಮಾಡಿಕೊಂಡವರು ಅದರಲ್ಲಿ ಯಾರ್ಯಾರಿದ್ದಾರೆ ಎಂದು ಓದಿರುವುದಿಲ್ಲ.

ಹೊರಗಿನವರು ಒಳಗೆ ಬರಲಾಗದಿದ್ದಾಗ

“ಬ್ರೌಸರ್‌ನಲ್ಲಿ ಚೆನ್ನಾಗಿ ತೆರೆಯುತ್ತದಲ್ಲ” ಎಂಬ ಮಾತು ಇಲ್ಲಿ ತುಂಬಾ ದಾರಿ ತಪ್ಪಿಸುತ್ತದೆ. ಬ್ರೌಸರ್ ಕ್ಷಮಿಸುವ ಎಷ್ಟೋ ಕೊರತೆಗಳನ್ನು ಇನ್ನೊಂದು ಸರ್ವರ್ ಕ್ಷಮಿಸುವುದಿಲ್ಲ. ಸರ್ಟಿಫಿಕೇಟನ್ನೇ ತೆಗೆದುಕೊಳ್ಳಿ. ನಿಮ್ಮ ಸರ್ಟಿಫಿಕೇಟ್ ಜೊತೆ, ಅದನ್ನು ಕೊಟ್ಟ ಮೂಲ ಸಂಸ್ಥೆಗೆ ಜೋಡಿಸುವ ನಡುವಿನ ಸರ್ಟಿಫಿಕೇಟನ್ನೂ ಕಳಿಸುವಂತೆ ಎಂಜಿನ್‌ಎಕ್ಸ್ (ಮಾಸ್ಟಡಾನ್ ಮುಂದೆ ನಿಂತು ಕೋರಿಕೆ ಸ್ವೀಕರಿಸುವ ವೆಬ್ ಸರ್ವರ್) ಸಂರಚನೆ ಇರಬೇಕು. ಅದು ಬಿಟ್ಟುಹೋಗಿದ್ದರೂ ಅನೇಕ ಬ್ರೌಸರ್‌ಗಳು ಕೊರತೆಯನ್ನು ತಾವೇ ತುಂಬಿಕೊಂಡು ಪುಟ ತೋರಿಸುತ್ತವೆ. ಬೇರೆ ಮಾಸ್ಟಡಾನ್ ಸರ್ವರ್ ಮಾತ್ರ ಸಂಪರ್ಕವನ್ನು ಅಲ್ಲಿಗೇ ಕಡಿಯುತ್ತದೆ. ಆದ್ದರಿಂದ ಪರೀಕ್ಷೆಯನ್ನು ಬ್ರೌಸರ್‌ನಿಂದ ಮಾಡದೆ, ಬೇರೊಂದು ಲಿನಕ್ಸ್ ಯಂತ್ರದಲ್ಲಿ ಕರ್ಲ್ ಎಂಬ ಕಮಾಂಡ್ ಸಾಧನ ಬಳಸಿ ಮಾಡಿ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಉಚಿತವಾಗಿ ಕೊಡುವ ಸರ್ಟಿಫಿಕೇಟ್‌ಗಳು ಸಾಮಾನ್ಯವಾಗಿ 90 ದಿನಕ್ಕೆ ಮುಗಿಯುವುದರಿಂದ, ತಾನಾಗಿ ನವೀಕರಣ ಆಗುತ್ತಿದೆಯೇ, ಆದ ಮೇಲೆ ಎಂಜಿನ್‌ಎಕ್ಸ್ ಹೊಸದನ್ನು ಓದಿಕೊಂಡಿದೆಯೇ ಎಂಬ ಎರಡನ್ನೂ ನೋಡಬೇಕು. ಫೈಲ್ ಹೊಸದು, ನೆನಪಿನಲ್ಲಿರುವುದು ಹಳೆಯದು ಎಂಬ ಸ್ಥಿತಿ ಅಪರೂಪವೇನಲ್ಲ.

ಅಂತರಜಾಲ ವಿಳಾಸಗಳ ಹೊಸ ಪದ್ಧತಿಯಾದ ಐಪಿವಿ6 ಇನ್ನೊಂದು ಮೂಲೆ (ಹಳೆಯದು ಐಪಿವಿ4). ಡಿಎನ್‌ಎಸ್‌ನಲ್ಲಿ ಐಪಿವಿ6 ವಿಳಾಸ ಇದೆ, ಎಂಜಿನ್‌ಎಕ್ಸ್ ಮಾತ್ರ ಐಪಿವಿ4ಗಷ್ಟೇ ಕಿವಿಗೊಟ್ಟಿದೆ ಎನ್ನಿ. ಆಗ ಕೆಲವು ಸರ್ವರ್‌ಗಳಿಗೆ ನೀವು ಸಿಗುತ್ತೀರಿ, ಕೆಲವಕ್ಕೆ ಸಿಗುವುದಿಲ್ಲ. ಕರ್ಲ್‌ಗೆ ಒಮ್ಮೆ ನಾಲ್ಕನ್ನೇ ಬಳಸು, ಒಮ್ಮೆ ಆರನ್ನೇ ಬಳಸು ಎಂದು ಹೇಳಿ ನೋಡಿದರೆ ಗೊತ್ತಾಗುತ್ತದೆ.

ಸರ್ವರ್ ಮುಂದೆ ಬಾಟ್ ತಡೆಯುವ ರಕ್ಷಣೆ ಹಾಕಿದ್ದರೆ ಅದನ್ನು ಮೊದಲ ಅನುಮಾನಿತರ ಸಾಲಿನಲ್ಲಿಡಿ. ‘ನೀವು ಮನುಷ್ಯರೇ ಎಂದು ದೃಢಪಡಿಸಿ’ ಎಂಬ ಪುಟ ಮನುಷ್ಯರಿಗೆ ಒಂದು ಕ್ಷಣದ ಕಿರಿಕಿರಿ. ಇನ್ನೊಂದು ಸರ್ವರ್‌ಗೆ ಅದನ್ನು ದಾಟುವ ಉಪಾಯವೇ ಇಲ್ಲ, 403 (ಪ್ರವೇಶವಿಲ್ಲ) ಎಂಬ ಉತ್ತರ ಪಡೆದು ವಾಪಸ್ ಹೋಗುತ್ತದೆ. ಇನ್‌ಬಾಕ್ಸ್ ಮತ್ತು ವೆಬ್‌ಫಿಂಗರ್ (ಹೆಸರಿನಿಂದ ಖಾತೆಯನ್ನು ಪತ್ತೆ ಮಾಡುವ ವ್ಯವಸ್ಥೆ) ವಿಳಾಸಗಳಿಗೆ ಈ ರಕ್ಷಣೆಯಿಂದ ವಿನಾಯಿತಿ ಕೊಡಿ. ಹಾಗೆಯೇ ಸರ್ವರ್‌ಗಳು ಕೇಳುವುದು ಜೇಸನ್ ರೂಪ, ಬ್ರೌಸರ್ ಕೇಳುವುದು ಎಚ್‌ಟಿಎಂಎಲ್. ವಿಳಾಸ ಮಾತ್ರ ಒಂದೇ. ಪುಟಗಳ ಪ್ರತಿ ಇಟ್ಟುಕೊಳ್ಳುವ ನಡುವಿನ ಕ್ಯಾಶ್ ಈ ವ್ಯತ್ಯಾಸ ಗಮನಿಸದೆ ಬ್ರೌಸರ್‌ಗೆಂದು ಇಟ್ಟುಕೊಂಡ ಪುಟವನ್ನೇ ಸರ್ವರ್‌ಗೂ ಕೊಟ್ಟರೆ ಅಲ್ಲಿ ಪೋಸ್ಟ್ ತೆರೆಯುವುದಿಲ್ಲ.

ಪೋಸ್ಟ್ ತೆರೆಯುತ್ತದೆ, ಆದರೆ ಬಳಕೆದಾರರ ಹೆಸರು ಹುಡುಕಿದರೆ ಸಿಗುವುದಿಲ್ಲ ಎಂದರೆ ವೆಬ್‌ಫಿಂಗರ್ ನೋಡಿ. ಖಾತೆಯ ಹೆಸರಿನಲ್ಲಿ ಮುಖ್ಯ ಡೊಮೇನ್ ಇಟ್ಟು, ಮಾಸ್ಟಡಾನನ್ನು ಉಪಡೊಮೇನ್‌ನಲ್ಲಿ ನಡೆಸುವವರಿಗೆ ಇದು ಹೆಚ್ಚು ಕಾಡುತ್ತದೆ. ಮುಖ್ಯ ಡೊಮೇನ್‌ನಿಂದ ಉಪಡೊಮೇನ್‌ಗೆ ರೀಡೈರೆಕ್ಟ್ ಇರಬೇಕು. ಪ್ರಶ್ನಾರ್ಥಕ ಚಿಹ್ನೆಯ ನಂತರದ ಭಾಗವೂ ಅದರ ಜೊತೆಗೇ ಹೋಗಬೇಕು. ಯಾರನ್ನು ಹುಡುಕುತ್ತಿದ್ದಾರೆ ಎಂಬುದು ಇರುವುದೇ ಆ ಭಾಗದಲ್ಲಿ.

ಕಳಿಸುವ ದಾರಿ: ಸೈಡ್‌ಕಿಕ್

ಪರೀಕ್ಷೆಯಲ್ಲಿ ಪೋಸ್ಟ್ ತೆರೆದುಕೊಂಡಿದ್ದರೆ ಈಗ ನಿಮ್ಮ ಸೈಡ್‌ಕಿಕ್ ಪುಟಕ್ಕೆ ಬನ್ನಿ. ಅಡ್ಮಿನ್ ಹಕ್ಕಿದ್ದವರಿಗೆ ಅದು ಮಾಸ್ಟಡಾನ್ ಒಳಗೇ ಸಿಗುತ್ತದೆ. ಅಲ್ಲಿ ಹಲವು ಸರದಿಗಳು ಕಾಣುತ್ತವೆ: ‘ಡೀಫಾಲ್ಟ್’ ಸ್ಥಳೀಯ ಕೆಲಸಗಳಿಗೆ, ‘ಪುಶ್’ ಹೊರಗೆ ಕಳಿಸಲು, ‘ಪುಲ್’ ಹೊರಗಿನಿಂದ ತರಲು, ‘ಇಂಗ್ರೆಸ್’ ಒಳಗೆ ಬಂದದ್ದನ್ನು ಬಿಡಿಸಲು, ‘ಮೇಲರ್ಸ್’ ಇಮೇಲ್‌ಗೆ, ‘ಶೆಡ್ಯೂಲರ್’ ನಿಗದಿತ ಕೆಲಸಗಳಿಗೆ. ಸರದಿಯಲ್ಲಿ ಎಷ್ಟು ಕೆಲಸ ಇದೆ ಎಂಬ ಸಂಖ್ಯೆ ನೋಡಿ ಗಾಬರಿಯಾಗಬೇಡಿ. ನೋಡಬೇಕಾದದ್ದು ಲೇಟೆನ್ಸಿ, ಅಂದರೆ ಸರದಿಯಲ್ಲಿ ಎಲ್ಲಕ್ಕಿಂತ ಮುಂದಿರುವ ಕೆಲಸ ಎಷ್ಟು ಹೊತ್ತಿನಿಂದ ಕಾಯುತ್ತಿದೆ ಎಂಬುದು. ಸಾವಿರ ಕೆಲಸ ಇದ್ದರೂ ಕಾಯುವ ಹೊತ್ತು ಕೆಲವೇ ಸೆಕೆಂಡ್ ಆಗಿದ್ದರೆ ಸರ್ವರ್ ಆರೋಗ್ಯವಾಗಿದೆ. ಐವತ್ತೇ ಇದ್ದು ಮುಂದಿನದು ಅರ್ಧ ಗಂಟೆಯಿಂದ ಕಾಯುತ್ತಿದ್ದರೆ ಕೆಲಸ ನಿಂತಿದೆ.

2022ರ ಅಕ್ಟೋಬರ್ ಕೊನೆಯಲ್ಲಿ ಟ್ವಿಟ್ಟರ್ ಕೈ ಬದಲಾಗಿ ಜನ ಗುಂಪುಗುಂಪಾಗಿ ಮಾಸ್ಟಡಾನ್‌ಗೆ ಬಂದಾಗ ಅನೇಕ ಸರ್ವರ್‌ಗಳು ಮಂಡಿಯೂರಿದ್ದು ಈ ಸರದಿಗಳಲ್ಲೇ. ಪೋಸ್ಟ್‌ಗಳು ಕಳೆದುಹೋಗಿರಲಿಲ್ಲ, ಗಂಟೆಗಟ್ಟಲೆ ತಡವಾಗಿ ತಲುಪುತ್ತಿದ್ದವು. ಒಳಗೆ ಬರುವ ಕೆಲಸಕ್ಕೆಂದೇ ‘ಇಂಗ್ರೆಸ್’ ಸರದಿ ಪ್ರತ್ಯೇಕವಾದದ್ದು ಅದೇ ವರ್ಷ ಬಂದ 4.0 ಆವೃತ್ತಿಯಲ್ಲಿ. ಹಳೆಯ ಸಂರಚನೆಯಿಂದ ಮೇಲೇರಿದವರು ಸರದಿಗಳ ಹೆಸರನ್ನು ಸರ್ವಿಸ್ ಫೈಲ್‌ನಲ್ಲಿ ಕೈಯಾರೆ ಬರೆದಿಟ್ಟಿದ್ದರೆ, ಹೊಸದಾಗಿ ಸೇರಿದ ಸರದಿ ಅದರಲ್ಲಿದೆಯೇ ಎಂದು ಒಮ್ಮೆ ನೋಡಬೇಕು. ಯಾರೂ ಎತ್ತಿಕೊಳ್ಳದ ಸರದಿ ಬೆಳೆಯುತ್ತಲೇ ಇರುತ್ತದೆ. ‘ಶೆಡ್ಯೂಲರ್’ ಮಾತ್ರ ಒಂದೇ ಪ್ರೋಸೆಸ್‌ನಲ್ಲಿ ಓಡಬೇಕು.

ಸರದಿ ನಿಧಾನವಾಗಿದೆ ಎಂದು ಸೈಡ್‌ಕಿಕ್‌ನ ಥ್ರೆಡ್ (ಏಕಕಾಲಕ್ಕೆ ಕೆಲಸ ಮಾಡುವ ಎಳೆ) ಸಂಖ್ಯೆ ಏರಿಸುವ ಮುನ್ನ ಡೇಟಾಬೇಸಿನ ಕಡೆ ನೋಡಿ. ಥ್ರೆಡ್‌ಗಳಿಗೆ ತಕ್ಕಷ್ಟು ಡೇಟಾಬೇಸ್ ಸಂಪರ್ಕಗಳು ಇಲ್ಲದಿದ್ದರೆ ಅವು ಒಂದನ್ನೊಂದು ಕಾಯುತ್ತ ನಿಲ್ಲುತ್ತವೆ, ವೇಗ ಇನ್ನೂ ಕುಸಿಯುತ್ತದೆ. ಪೋಸ್ಟ್‌ಗ್ರೆಸ್ ಮೊದಲಿಗೆ ಅನುಮತಿಸುವುದು 100 ಸಂಪರ್ಕ ಮಾತ್ರ. ವೆಬ್, ಸ್ಟ್ರೀಮಿಂಗ್, ಸೈಡ್‌ಕಿಕ್ ಮೂರೂ ಇದನ್ನೇ ಹಂಚಿಕೊಳ್ಳಬೇಕು.

ಎಲ್ಲಕ್ಕಿಂತ ಸಾಮಾನ್ಯವಾದ ಕಾರಣ ಇನ್ನೂ ಸರಳ: ಡಿಸ್ಕ್ ತುಂಬಿರುವುದು. ಬೇರೆ ಸರ್ವರ್‌ಗಳಿಂದ ಬರುವ ಚಿತ್ರ, ವಿಡಿಯೊಗಳ ಪ್ರತಿಯನ್ನು ಮಾಸ್ಟಡಾನ್ ನಿಮ್ಮಲ್ಲೇ ಇಟ್ಟುಕೊಳ್ಳುತ್ತದೆ. ಬಳಕೆದಾರರು ಕೆಲವೇ ಮಂದಿ ಇದ್ದರೂ ಅವರು ಫಾಲೋ ಮಾಡುವವರ ಚಿತ್ರಗಳಿಂದ ಸಣ್ಣ ವಿಪಿಎಸ್‌ನ (ಬಾಡಿಗೆಯ ವರ್ಚುವಲ್ ಸರ್ವರ್) ಡಿಸ್ಕ್ ಬೇಗ ತುಂಬುತ್ತದೆ. ಜಾಗ ಮುಗಿದಾಗ, ಮೆಮೊರಿಯಲ್ಲೇ ಮಾಹಿತಿ ಇಟ್ಟುಕೊಳ್ಳುವ ರೆಡಿಸ್ ಎಂಬ ಡೇಟಾಬೇಸ್ ತನ್ನ ಪ್ರತಿಯನ್ನು ಡಿಸ್ಕ್‌ಗೆ ಬರೆಯಲಾಗದೆ ಹೊಸದೇನನ್ನೂ ಬರೆದುಕೊಳ್ಳಲು ನಿರಾಕರಿಸುತ್ತದೆ, ಸೈಡ್‌ಕಿಕ್ ಸರದಿ ಇರುವುದು ರೆಡಿಸ್‌ನಲ್ಲೇ ಆದ್ದರಿಂದ ಕಳಿಸುವ ಕೆಲಸವೂ ನಿಲ್ಲುತ್ತದೆ. ಹಳೆಯ ಪುಟಗಳು ತೆರೆಯುತ್ತಿರುವುದರಿಂದ ಸರ್ವರ್ ಚೆನ್ನಾಗಿದೆ ಎಂಬ ಭ್ರಮೆ ಹುಟ್ಟುತ್ತದೆ. ಮಾಸ್ಟಡಾನ್ ಜೊತೆಗೇ ಬರುವ ನಿರ್ವಹಣಾ ಸಾಧನ ಟೂಟ್‌ಸಿಟಿಎಲ್‌ನ ‘ಮೀಡಿಯಾ ಯೂಸೇಜ್’ ಆದೇಶ ಎಷ್ಟು ಜಾಗ ಹೋಗಿದೆ ಎಂದು ಹೇಳುತ್ತದೆ. ‘ಮೀಡಿಯಾ ರಿಮೂವ್’ ಆದೇಶ ಏಳು ದಿನಕ್ಕಿಂತ ಹಳೆಯ ಹೊರಗಿನ ಪ್ರತಿಗಳನ್ನು ತೆಗೆಯುತ್ತದೆ. ನಿಮ್ಮ ಬಳಕೆದಾರರ ಸ್ವಂತ ಚಿತ್ರಗಳನ್ನು ಅದು ಮುಟ್ಟುವುದಿಲ್ಲ. ಇದೇ ಅವಧಿಯನ್ನು ಅಡ್ಮಿನ್ ಪುಟದಲ್ಲಿ ನಿಗದಿ ಮಾಡಿಟ್ಟರೆ ಮತ್ತೆ ನೆನಪಿಟ್ಟುಕೊಳ್ಳುವ ಕಷ್ಟವಿಲ್ಲ.

ಸರದಿ ಓಡುತ್ತಿದೆ, ಒಂದು ಸರ್ವರ್‌ಗೆ ಮಾತ್ರ ಏನೂ ಹೋಗುತ್ತಿಲ್ಲವೇ? ಅಡ್ಮಿನ್ ಪುಟದ ಫೆಡರೇಶನ್ ವಿಭಾಗದಲ್ಲಿ ಆ ಡೊಮೇನ್ ತೆರೆಯಿರಿ. ಒಂದು ಸರ್ವರ್‌ಗೆ ಕಳಿಸುವ ಪ್ರಯತ್ನ ಏಳು ಬೇರೆ ಬೇರೆ ದಿನ ವಿಫಲವಾದರೆ ಮಾಸ್ಟಡಾನ್ ಅದನ್ನು ‘ಲಭ್ಯವಿಲ್ಲ’ ಎಂದು ಗುರುತು ಮಾಡಿ ಕಳಿಸುವುದನ್ನು ನಿಲ್ಲಿಸುತ್ತದೆ. ಅವರು ಎಂದೋ ಸರಿಹೋಗಿದ್ದರೂ ಗುರುತು ಹಾಗೇ ಉಳಿದಿರಬಹುದು. ಅಲ್ಲಿರುವ ಗುಂಡಿ ಒತ್ತಿ ಮತ್ತೆ ಕಳಿಸುವುದನ್ನು ಶುರು ಮಾಡಬಹುದು.

ಸಹಿ ಒಪ್ಪದಿದ್ದಾಗ

ಸೈಡ್‌ಕಿಕ್‌ನ ಮರುಯತ್ನಗಳ ಪಟ್ಟಿಯಲ್ಲಿ 401 ಎಂಬ ಉತ್ತರ ಕಂಡರೆ ಸಹಿಯ ಸಮಸ್ಯೆ ಎಂದು ತಿಳಿಯಿರಿ. 403 ಎಂದರೆ ತಡೆ, 410 ಎಂದರೆ ಆ ಖಾತೆ ಇನ್ನಿಲ್ಲ, 429 ಎಂದರೆ ನಿಧಾನಿಸಿ, 500ರ ಸಾಲಿನವು ಎದುರಿನವರ ತೊಂದರೆ.

401ಕ್ಕೆ ಮೊದಲು ಗಡಿಯಾರ ನೋಡಿ. ಸಹಿಯಲ್ಲಿ ದಿನಾಂಕ, ಸಮಯ ಸೇರಿರುತ್ತದೆ. ಗಂಟೆಗಟ್ಟಲೆ ವ್ಯತ್ಯಾಸವಿದ್ದರೆ ಎದುರಿನ ಸರ್ವರ್ ಅದನ್ನು ಒಪ್ಪುವುದಿಲ್ಲ. ನಮ್ಮಲ್ಲಿ ಒಂದು ವಿಶೇಷ ಸುಳಿವಿದೆ. ಯಂತ್ರದ ಸಮಯ ಸರಿಯಾಗಿ ಐದೂವರೆ ಗಂಟೆ ಮುಂದಿದ್ದರೆ, ಯಾರೋ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಎಂದಿರುವ ಗಡಿಯಾರಕ್ಕೆ ಭಾರತೀಯ ಸಮಯವನ್ನು ಕೈಯಾರೆ ಹಾಕಿದ್ದಾರೆ. ಮನೆಯಲ್ಲಿ ಹಳೆಯ ಕಂಪ್ಯೂಟರ್ ಇಟ್ಟು ಸರ್ವರ್ ನಡೆಸುವವರು ಇದನ್ನು ಮರೆಯದೆ ನೋಡಿ. ಗಡಿಯಾರವನ್ನು ತಾನಾಗಿ ಸರಿಹೊಂದಿಸುವ ಎನ್‌ಟಿಪಿ ಆನ್ ಮಾಡಿ, ಸಮಯವಲಯ ಬೇಕಿದ್ದರೆ ಬದಲಿಸಿ, ಗಡಿಯಾರವನ್ನು ಮಾತ್ರ ಕೈಯಿಂದ ತಿರುಗಿಸಬೇಡಿ.

ಅವರು ಕಳಿಸಿದ್ದನ್ನು ನೀವೇ 401 ಎಂದು ತಿರಸ್ಕರಿಸುತ್ತಿದ್ದರೆ, ಗಡಿಯಾರದ ಜೊತೆಗೆ ಎಂಜಿನ್‌ಎಕ್ಸ್‌ನ ಹೋಸ್ಟ್ ಹೆಡರ್ (ಕೋರಿಕೆ ಯಾವ ಡೊಮೇನ್‌ಗೆ ಬಂದದ್ದು ಎಂದು ಹೇಳುವ ಸಾಲು) ನೋಡಿ. ಸಹಿಯಲ್ಲಿ ಡೊಮೇನ್ ಹೆಸರೂ ಸೇರಿದೆ. ನಡುವೆ ನಿಂತ ಎಂಜಿನ್‌ಎಕ್ಸ್ ಅದನ್ನು ಬದಲಿಸಿ ಒಳಗಿನ ವಿಳಾಸ ಕೊಟ್ಟರೆ ಲೆಕ್ಕ ತಾಳೆಯಾಗುವುದಿಲ್ಲ.

ಕೊನೆಯದು ಬಲು ನೋವಿನದು. ಸಹಿ ಹಾಕಲು ಬಳಸುವ ಪ್ರತಿ ಖಾತೆಯ ಖಾಸಗಿ ಕೀಲಿ ಡೇಟಾಬೇಸಿನಲ್ಲಿದೆ. ಬ್ಯಾಕಪ್ ಇಲ್ಲದೆ ಡೇಟಾಬೇಸ್ ಹೋಗಿ, ಅದೇ ಡೊಮೇನ್‌ನಲ್ಲಿ ಹೊಸದಾಗಿ ಮಾಸ್ಟಡಾನ್ ಹಾಕಿದರೆ, ಅದೇ ಹೆಸರಿನ ಖಾತೆಗೂ ಹೊಸ ಕೀಲಿ ಹುಟ್ಟುತ್ತದೆ. ಹೊರಗಿನವರ ನೆನಪಿನಲ್ಲಿ ಇರುವುದು ಹಳೆಯದು. ಹಳೆಯ ಫಾಲೋಗಳೂ ಹೊಸ ಡೇಟಾಬೇಸಿಗೆ ಗೊತ್ತಿಲ್ಲ. ಇದನ್ನು ತೇಪೆ ಹಾಕಿ ಸರಿಪಡಿಸುವುದಕ್ಕಿಂತ ಹೊಸ ಡೊಮೇನ್‌ನಲ್ಲಿ ಆರಂಭಿಸುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಡೇಟಾಬೇಸಿನ ಜೊತೆ ಸಂರಚನೆಯ ಫೈಲನ್ನೂ ಬ್ಯಾಕಪ್‌ಗೆ ಸೇರಿಸಿ. 2024ರಲ್ಲಿ ಬಂದ 4.3 ಆವೃತ್ತಿಯಿಂದ ಡೇಟಾಬೇಸಿನ ಎನ್‌ಕ್ರಿಪ್ಶನ್ ಕೀಲಿಗಳೂ ಅದರಲ್ಲೇ ಇರಬೇಕು, ಇಲ್ಲದಿದ್ದರೆ ಸರ್ವರ್ ಏಳುವುದೇ ಇಲ್ಲ.

ಎದುರಿನವರು 202 ಎಂದರೂ ಕಾಣದಿದ್ದರೆ

202 ಎಂದರೆ ಸಿಕ್ಕಿತು ಎಂದಷ್ಟೇ ಅರ್ಥ. ಆಮೇಲೆ ಅವರ ಇಂಗ್ರೆಸ್ ಸರದಿ, ಅವರ ಡಿಸ್ಕ್, ಓದುವವರ ಫಿಲ್ಟರ್‌ಗಳು ಎಲ್ಲ ಇವೆ. ಈ ಹಂತದಲ್ಲಿ ನೀವು ಒಬ್ಬರೇ ಹುಡುಕಿ ಪ್ರಯೋಜನವಿಲ್ಲ, ಆ ಕಡೆಯ ಅಡ್ಮಿನ್‌ಗೆ ಬರೆಯಿರಿ. ಅವರೂ ಬಹುಶಃ ಸಂಬಳವಿಲ್ಲದೆ, ರಾತ್ರಿ ಮನೆಕೆಲಸ ಮುಗಿದ ಮೇಲೆ ಇದನ್ನು ನೋಡಿಕೊಳ್ಳುವವರು. “ನಿಮ್ಮ ಸರ್ವರ್ ಕೆಟ್ಟಿದೆ” ಎಂದು ಬರೆಯುವ ಬದಲು ಪೋಸ್ಟಿನ ವಿಳಾಸ, ಕಳಿಸಿದ ಸಮಯ ಯುಟಿಸಿಯಲ್ಲಿ, ನಿಮಗೆ ಬಂದ ಉತ್ತರದ ಸಂಖ್ಯೆ, ನಿಮ್ಮ ಮಾಸ್ಟಡಾನ್ ಆವೃತ್ತಿ ಇಷ್ಟನ್ನು ಕೊಡಿ. ಅವರು ತಮ್ಮ ಲಾಗ್‌ನಲ್ಲಿ ಆ ನಿಮಿಷಕ್ಕೇ ನೇರ ಹೋಗಬಹುದು. ಇಬ್ಬರ ಲಾಗೂ ಸರಿಯಾಗಿದ್ದು ಪೋಸ್ಟ್ ಕಾಣದಿದ್ದರೆ ಅದು ತಂತ್ರಾಂಶದ್ದೇ ದೋಷ ಇರಬಹುದು. ಆಗ ಇದೇ ವಿವರಗಳನ್ನು ಗಿಟ್‌ಹಬ್‌ನಲ್ಲಿ ಮಾಸ್ಟಡಾನ್ ಯೋಜನೆಗೆ ವರದಿ ಮಾಡಿ, ಅದಕ್ಕೂ ಮೊದಲು ಅದೇ ದೂರು ಯಾರಾದರೂ ಹಾಕಿದ್ದಾರೆಯೇ ಹುಡುಕಿ. ಕೋಡ್ ಎಲ್ಲರಿಗೂ ತೆರೆದಿರುವುದರ ಪ್ರಯೋಜನ ಸಿಗುವುದು ಹೀಗೆ ಸರಿಯಾಗಿ ಬರೆದ ವರದಿಗಳಿಂದ.

ದೋಷ ಸರಿಯಾದ ಮೇಲೆ ಹೊಸದೊಂದು ಸಾರ್ವಜನಿಕ ಪೋಸ್ಟ್ ಹಾಕಿ ಎದುರಿನವರಿಗೆ ಕಂಡಿತೇ ಎಂದು ಕೇಳಿ. ಮರುಯತ್ನದ ಪಟ್ಟಿಯಲ್ಲಿರುವ ಹಳೆಯವು ತಾವಾಗಿ ಹೋಗುತ್ತವೆ. ಎಲ್ಲವನ್ನೂ ಒಟ್ಟಿಗೆ ಈಗಲೇ ಕಳಿಸು ಎಂದು ಒತ್ತಿದರೆ ಈಗಷ್ಟೇ ಚೇತರಿಸಿಕೊಂಡ ಸರ್ವರ್ ಮತ್ತೆ ಮಲಗಬಹುದು. ಮರುಯತ್ನಗಳೂ ಮುಗಿದು ಬಿಟ್ಟುಹೋದ ಪೋಸ್ಟ್‌ಗಳು ಇನ್ನು ತಾವಾಗಿ ಹೋಗುವುದಿಲ್ಲ. ಅವುಗಳಲ್ಲಿ ಮುಖ್ಯವಾದದ್ದನ್ನು ನೀವೇ ಬೂಸ್ಟ್ ಮಾಡಿ, ಅಂದರೆ ಮತ್ತೆ ಹಂಚಿ. ಬೂಸ್ಟ್ ಹೊಸ ಸಂದೇಶವಾಗಿ ಫಾಲೋ ಮಾಡುವವರ ಸರ್ವರ್‌ಗಳಿಗೆ ಹೋಗುತ್ತದೆ, ಮೂಲ ಪೋಸ್ಟ್ ತಮ್ಮಲ್ಲಿಲ್ಲ ಎಂದು ಕಂಡ ಸರ್ವರ್‌ಗಳು ನಿಮ್ಮಲ್ಲಿಗೆ ಬಂದು ಅದನ್ನು ತೆಗೆದುಕೊಂಡು ಹೋಗುತ್ತವೆ.